ಗೃಹಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿ ಕಂತು ಇಳಿಸಿಕೊಳ್ಳುವುದು ಲಾಭವೇ?

ಪ್ರಶ್ನೆ

ನಮಸ್ಕಾರ. ಗೃಹಸಾಲದ ವಿಚಾರದಲ್ಲಿ ಈ ತಿಂಗಳೊಳಗೆ ನಾವೊಂದು ತೀರ್ಮಾನಕ್ಕೆ ಬರಬೇಕಾಗಿದ್ದು, ಲೆಕ್ಕ ಬಲ್ಲವರ ಸಲಹೆ ಕೇಳುತ್ತಿದ್ದೇನೆ. ಈಗ ಬಾಕಿ ಇರುವ ಅಸಲು 30 ಲಕ್ಷ. ಬಡ್ಡಿದರ ವರ್ಷಕ್ಕೆ ಶೇ. 9.5; ಅದು ಸ್ಥಿರ ದರವಲ್ಲ, ಮಾರುಕಟ್ಟೆಯೊಂದಿಗೆ ಏರಿಳಿಯುವ ಫ್ಲೋಟಿಂಗ್ ದರ. ಇನ್ನೂ 15 ವರ್ಷದ ಅವಧಿ ಉಳಿದಿದೆ, ತಿಂಗಳ ಕಂತು 31,327. ಇದುವರೆಗೆ ಯಾವ ಕಂತೂ ತಡವಾಗಿಲ್ಲ. ಆದರೆ ನನ್ನ ಪತ್ನಿ ಉನ್ನತ ವ್ಯಾಸಂಗಕ್ಕಾಗಿ ಎರಡು ವರ್ಷ ವೇತನರಹಿತ ರಜೆಯಲ್ಲಿರುವುದರಿಂದ, ಅಷ್ಟು ಕಾಲ ಒಂದೇ ಸಂಬಳದಲ್ಲಿ ಮನೆ ನಡೆಯಬೇಕು. ಕಂತಿನ ಭಾರ ತಿಂಗಳಿಗೆ ನಾಲ್ಕು ಸಾವಿರದಷ್ಟಾದರೂ ಇಳಿದರೆ ಉಳಿದ ಖರ್ಚನ್ನು ಸರಿದೂಗಿಸಿಕೊಳ್ಳಬಹುದು ಎಂಬುದು ನಮ್ಮ ಅಂದಾಜು.

ಬೇರೊಂದು ಬ್ಯಾಂಕಿನ ಪ್ರತಿನಿಧಿಯೊಬ್ಬರು, ಸಾಲವನ್ನು ತಮ್ಮಲ್ಲಿಗೆ ವರ್ಗಾಯಿಸಿದರೆ ಶೇ. 8.5ರ ದರದಲ್ಲಿ 20 ವರ್ಷದ ಅವಧಿಗೆ ಕೊಡುವುದಾಗಿಯೂ ಕಂತು 26,035ಕ್ಕೆ ಇಳಿಯುವುದಾಗಿಯೂ ತಿಳಿಸಿದ್ದಾರೆ. ಪ್ರೊಸೆಸಿಂಗ್ ಶುಲ್ಕ, ಕಾನೂನು ಪರಿಶೀಲನೆ, ಮೌಲ್ಯಮಾಪನ, ಅಡಮಾನದ ನೋಂದಣಿ ಎಲ್ಲ ಸೇರಿ ಸುಮಾರು 30,000 ಖರ್ಚಾಗುತ್ತದೆ. ತಿಂಗಳಿಗೆ 5,292 ಉಳಿಯುವುದರಿಂದ ಹಾಕಿದ ಹಣ ಆರು ತಿಂಗಳಲ್ಲೇ ಹುಟ್ಟುತ್ತದೆ, ಆಮೇಲಿನದೆಲ್ಲ ನಿಮಗೆ ಲಾಭ ಎಂದು ಅವರು ಹೇಳುತ್ತಾರೆ. ಕೇಳುವುದಕ್ಕೆ ಸರಿಯೆನಿಸುತ್ತದೆ. ಆದರೂ ಇನ್ನೂ ಐದು ವರ್ಷ ಹೆಚ್ಚು ಸಾಲ ಕಟ್ಟುವುದನ್ನು ಲಾಭ ಎನ್ನುವುದು ಹೇಗೆ ಎಂಬ ಅನುಮಾನ ಬಿಡುತ್ತಿಲ್ಲ. ಈ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ತಿಳಿದವರು ದಯವಿಟ್ಟು ವಿವರಿಸಬೇಕು. ಸಾಲ ವರ್ಗಾಯಿಸದೆಯೇ ಕಂತು ಇಳಿಸಿಕೊಳ್ಳುವ ದಾರಿ ಇದ್ದರೆ ಅದನ್ನೂ ತಿಳಿಸಿ.

ಉತ್ತರ 1

ನಿಮ್ಮ ಅನುಮಾನ ಸರಿಯಾದದ್ದೇ. ನಿಮ್ಮ ಮುಂದಿರುವ ಪ್ರಸ್ತಾವದಲ್ಲಿ ಎರಡು ಬೇರೆ ಬೇರೆ ಬದಲಾವಣೆಗಳನ್ನು ಒಟ್ಟಿಗೆ ಸೇರಿಸಿ ಒಂದೇ ಸಂಖ್ಯೆಯಾಗಿ ತೋರಿಸಲಾಗಿದೆ. ಒಂದು, ಬಡ್ಡಿದರ ಶೇ. 9.5ರಿಂದ 8.5ಕ್ಕೆ ಇಳಿಯುವುದು. ಇನ್ನೊಂದು, ಅವಧಿ 15 ವರ್ಷದಿಂದ 20 ವರ್ಷಕ್ಕೆ ಏರುವುದು. ಮೊದಲನೆಯದು ನಿಜವಾದ ಉಳಿತಾಯ. ಎರಡನೆಯದು ಉಳಿತಾಯವಲ್ಲ, ಇಂದು ಕಟ್ಟಬೇಕಾದದ್ದನ್ನು ಬಡ್ಡಿಸಹಿತ ಮುಂದಕ್ಕೆ ಹಾಕುವುದು. ಇವೆರಡನ್ನೂ ಬಿಡಿಸಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಬಿಡಿಸುವ ಕ್ರಮ ಸುಲಭ. ಹೊಸ ದರವನ್ನು ಹಳೆಯ ಅವಧಿಗೇ ಹಾಕಿ ನೋಡಿ. 30 ಲಕ್ಷಕ್ಕೆ ಶೇ. 8.5ರಂತೆ 15 ವರ್ಷಕ್ಕೆ ಕಂತು 29,542 ಆಗುತ್ತದೆ. ಎಂದರೆ ದರ ಇಳಿದದ್ದರಿಂದ ನಿಮಗೆ ಸಿಗುವುದು ತಿಂಗಳಿಗೆ 1,785 ಮಾತ್ರ. ಪ್ರತಿನಿಧಿ ಹೇಳಿದ 5,292ರಲ್ಲಿ ಉಳಿದ 3,507 ಬಂದಿರುವುದು ಅವಧಿಯನ್ನು ಎಳೆದದ್ದರಿಂದ. ಮೂರರಲ್ಲಿ ಎರಡು ಭಾಗದಷ್ಟು ಇಳಿಕೆಗೆ ಹೊಸ ಬ್ಯಾಂಕಿನ ಔದಾರ್ಯ ಕಾರಣವಲ್ಲ, ನಿಮ್ಮದೇ ಮುಂದಿನ ಐದು ವರ್ಷಗಳು ಕಾರಣ.

ಒಟ್ಟು ಮೊತ್ತದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದರ ಬದಲಾಗದೆ ಉಳಿಯುತ್ತದೆ ಎಂದಿಟ್ಟುಕೊಂಡರೆ, ಈಗಿನ ಸಾಲದಲ್ಲೇ ಮುಂದುವರಿದಾಗ ನೀವು ಇನ್ನು ಕಟ್ಟುವ ಒಟ್ಟು ಹಣ 56,38,860. ಶೇ. 8.5ರಲ್ಲಿ 15 ವರ್ಷಕ್ಕಾದರೆ 53,17,560. ಅಲ್ಲಿಗೆ 3,21,300 ಕಡಿಮೆ. ಅದೇ ದರದಲ್ಲಿ 20 ವರ್ಷಕ್ಕಾದರೆ 62,48,400. ಈಗಿನದಕ್ಕಿಂತ 6,09,540 ಹೆಚ್ಚು. ಬಡ್ಡಿದರ ಇಳಿದ ಮೇಲೂ ಒಟ್ಟು ಬಡ್ಡಿ ಆರು ಲಕ್ಷ ಏರಬಹುದು ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ, ಏಕೆಂದರೆ ಕೈಗೆ ಬರುವ ಕಾಗದದಲ್ಲಿ ಎದ್ದು ಕಾಣುವುದು ಕಂತು ಮಾತ್ರ. ಇದಕ್ಕೆ ವಿರುದ್ಧವಾಗಿ, ಹೊಸ ದರಕ್ಕೆ ಹೋಗಿಯೂ ಹಳೆಯ ಕಂತು 31,327ನ್ನೇ ಕಟ್ಟುತ್ತಾ ಹೋದರೆ ಸಾಲ 161 ತಿಂಗಳಿಗೇ, ಎಂದರೆ 13 ವರ್ಷ 5 ತಿಂಗಳಿಗೇ ತೀರಿ, ಹತ್ತಿರ ಹತ್ತಿರ ಆರು ಲಕ್ಷ ಉಳಿಯುತ್ತದೆ. ಸಾಲವೂ ಅದೇ, ದರವೂ ಅದೇ. ಕಟ್ಟುವ ಕ್ರಮ ಬದಲಾದದ್ದಕ್ಕೆ ಒಂದು ಕಡೆ ಆರು ಲಕ್ಷ ಲಾಭ, ಇನ್ನೊಂದು ಕಡೆ ಆರು ಲಕ್ಷ ನಷ್ಟ.

ಮೊದಲ ತಿಂಗಳ ಕಂತನ್ನು ಒಡೆದು ನೋಡಿದರೆ ಕಾರಣ ತಿಳಿಯುತ್ತದೆ. ಈಗ ನೀವು ಕಟ್ಟುವ 31,327ರಲ್ಲಿ ಬಡ್ಡಿಗೆ ಹೋಗುವುದು 23,750, ಅಸಲಿಗೆ 7,577. ಪ್ರತಿನಿಧಿ ಹೇಳಿದ 26,035ರಲ್ಲಿ ಬಡ್ಡಿಗೆ 21,250, ಅಸಲಿಗೆ 4,785 ಮಾತ್ರ. ಬಡ್ಡಿ 2,500ರಷ್ಟು ಇಳಿಯಿತು, ನಿಜ. ಆದರೆ ಅಸಲು ಕರಗುವ ವೇಗ ಅದಕ್ಕಿಂತ ಹೆಚ್ಚು, 2,792ರಷ್ಟು ಕುಗ್ಗಿತು. ಮುಂದಿನ ತಿಂಗಳ ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ. ಅಸಲು ನಿಧಾನವಾಗಿ ಕರಗಿದಷ್ಟೂ ಬಡ್ಡಿ ಹೆಚ್ಚು ಕಾಲ ಬೀಳುತ್ತಲೇ ಇರುತ್ತದೆ.

ಆರು ತಿಂಗಳಲ್ಲಿ ಖರ್ಚು ಹುಟ್ಟುತ್ತದೆ ಎಂಬ ಮಾತೂ ಇದೇ ಕಾರಣಕ್ಕೆ ನಿಲ್ಲುವುದಿಲ್ಲ. 30,000ವನ್ನು ಭಾಗಿಸಬೇಕಾದದ್ದು ಕಂತಿನ ಇಳಿಕೆಯಿಂದಲ್ಲ, ತಿಂಗಳ ಬಡ್ಡಿಯಲ್ಲಿ ಆದ ಇಳಿಕೆಯಿಂದ. ಆ ಇಳಿಕೆ ಆರಂಭದಲ್ಲಿ 2,500. ಹಾಗಾಗಿ ಅವಧಿಯನ್ನು 15 ವರ್ಷಕ್ಕೇ ಇಟ್ಟುಕೊಂಡರೆ ಸುಮಾರು ಒಂದು ವರ್ಷಕ್ಕೆ ಖರ್ಚು ಹುಟ್ಟುತ್ತದೆ. ಅದೇನೂ ಕೆಟ್ಟ ಲೆಕ್ಕವಲ್ಲ. ಇಷ್ಟು ದೊಡ್ಡ ಬಾಕಿ, ಇಷ್ಟು ದೀರ್ಘ ಅವಧಿ ಉಳಿದಿರುವಾಗ ಶೇ. 1ರ ವ್ಯತ್ಯಾಸ ಗಣನೀಯವೇ. ಇದೇ ಸಾಲದಲ್ಲಿ ಮೂರು ವರ್ಷ ಮಾತ್ರ ಉಳಿದಿದ್ದರೆ ಬಾಕಿ ಅಸಲು 10 ಲಕ್ಷಕ್ಕೂ ಕೆಳಗಿಳಿದು, ಶೇ. 1ರ ಇಳಿಕೆಯಿಂದ ಮೂರು ವರ್ಷಕ್ಕೆ ಸೇರಿ ಸುಮಾರು 16,000 ಉಳಿಯುತ್ತಿತ್ತು. ಆಗ ವರ್ಗಾವಣೆಯ ಮಾತೇ ಬೇಡ ಎನ್ನುತ್ತಿದ್ದೆ.

ಉತ್ತರ 2

ಸಾಲ ಮಂಜೂರಾತಿ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಮೇಲಿನ ಲೆಕ್ಕಕ್ಕೆ ನನ್ನ ಪೂರ್ಣ ಸಹಮತವಿದೆ.

ಮೊದಲು ಈಗಿನ ಬ್ಯಾಂಕಿಗೇ ಹೋಗಿ ಕೇಳಿ. ಫ್ಲೋಟಿಂಗ್ ದರ ಎಂದರೆ ಎರಡು ಭಾಗಗಳ ಮೊತ್ತ: ಮಾರುಕಟ್ಟೆಯೊಂದಿಗೆ ಏರಿಳಿಯುವ ಮೂಲ ದರ ಒಂದು, ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ ಇನ್ನೊಂದು. ಸ್ಪ್ರೆಡ್ ನಿಮ್ಮ ಒಪ್ಪಂದ ಆದ ದಿನ ನಿಗದಿಯಾಗಿರುತ್ತದೆ. ಆಮೇಲೆ ಪೈಪೋಟಿ ಹೆಚ್ಚಿ ಹೊಸ ಗ್ರಾಹಕರಿಗೆ ಬ್ಯಾಂಕು ಕಡಿಮೆ ಸ್ಪ್ರೆಡ್ ಕೊಡತೊಡಗಿದರೂ ಹಳೆಯವರದು ಹಾಗೆಯೇ ಉಳಿಯುತ್ತದೆ, ಯಾರೂ ಕರೆದು ಇಳಿಸುವುದಿಲ್ಲ. ಒಂದೇ ಬ್ಯಾಂಕಿನಲ್ಲಿ, ಒಂದೇ ದಿನ, ಹಳೆಯ ಗ್ರಾಹಕರು ಹೊಸಬರಿಗಿಂತ ಹೆಚ್ಚು ಬಡ್ಡಿ ಕಟ್ಟುತ್ತಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಬೇರೆ ಬ್ಯಾಂಕಿನ ಮಂಜೂರಾತಿ ಪತ್ರವನ್ನು ಲಗತ್ತಿಸಿ, ದರ ಇಳಿಸಿಕೊಡುವಂತೆ ಲಿಖಿತ ಅರ್ಜಿ ಕೊಟ್ಟರೆ, ಕಂತು ತಪ್ಪಿಸದ ಗ್ರಾಹಕರನ್ನು ಕಳೆದುಕೊಳ್ಳಲು ಬ್ಯಾಂಕುಗಳಿಗೆ ಮನಸ್ಸಿರುವುದಿಲ್ಲ. ಅಲ್ಪ ಶುಲ್ಕ ಪಡೆದು ದರ ಇಳಿಸುವುದು ಸಾಮಾನ್ಯ. ಹೊಸ ಕಾನೂನು ಪರಿಶೀಲನೆ, ಮೌಲ್ಯಮಾಪನ, ಹೊಸ ಅಡಮಾನ ಯಾವುದೂ ಬೇಕಾಗುವುದಿಲ್ಲ. ಅರ್ಜಿ ಬಾಯಿಮಾತಿನದಾಗಿರಬಾರದು, ಸ್ವೀಕೃತಿ ಪಡೆದುಕೊಳ್ಳಿ.

ಹೊಸ ಬ್ಯಾಂಕಿನವರನ್ನು ಕೇಳಬೇಕಾದದ್ದೂ ಸ್ಪ್ರೆಡ್ ಬಗ್ಗೆಯೇ. ಶೇ. 8.5 ಎಂಬುದು ಇಂದಿನ ಮೊತ್ತ. ಅದರಲ್ಲಿ ಮೂಲ ದರ ಎಷ್ಟು, ಸ್ಪ್ರೆಡ್ ಎಷ್ಟು, ಸ್ಪ್ರೆಡ್ ಸಾಲದ ಕೊನೆಯವರೆಗೂ ಬದಲಾಗದೆ ಉಳಿಯುತ್ತದೆಯೇ, ಮೂಲ ದರ ಬದಲಾದಾಗ ನಿಮ್ಮ ದರ ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ ಎಂಬುದನ್ನು ಮಂಜೂರಾತಿ ಪತ್ರದಲ್ಲೇ ಓದಿಕೊಳ್ಳಿ. ಮೊದಲ ಒಂದೆರಡು ವರ್ಷಕ್ಕೆ ಮಾತ್ರ ಕಡಿಮೆ ದರ ಕೊಟ್ಟು ಆಮೇಲೆ ಏರಿಸುವ ಯೋಜನೆಗಳಿವೆ; ಅಂಥದ್ದಾದರೆ ಮೇಲಿನ ಉತ್ತರದಲ್ಲಿರುವ 15 ವರ್ಷದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ದರ ಏರಿದಾಗ ಕಂತು ಏರಿಸುತ್ತಾರೋ ಅವಧಿ ಎಳೆಯುತ್ತಾರೋ ಎಂಬುದನ್ನೂ ಕೇಳಿ. ಕಂತು ಬದಲಾಗಲಿಲ್ಲವಲ್ಲ ಎಂದು ನೆಮ್ಮದಿಯಿಂದಿದ್ದು, ಸಾಲದ ವಿವರಪಟ್ಟಿ ತೆಗೆಸಿದಾಗ ಅವಧಿ ವರ್ಷಗಟ್ಟಲೆ ಬೆಳೆದಿರುವುದನ್ನು ಕಂಡ ಗ್ರಾಹಕರು ನಮ್ಮ ಮೇಜಿನ ಮುಂದೆ ಬಂದು ಕುಳಿತದ್ದು ಅಪರೂಪವೇನಲ್ಲ. ಭಾರತದ ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆ ಈ ಕಾರಣಕ್ಕೇ ಮುಖ್ಯ: ದರ ಪರಿಷ್ಕರಣೆಯಾದಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು ಎಂದು ಅದು ವಿಧಿಸಿತು.

ಹಳೆಯ ಸಾಲವನ್ನು ಅವಧಿಗೆ ಮೊದಲೇ ತೀರಿಸುವುದಕ್ಕೆ ದಂಡಶುಲ್ಕ ಇದೆಯೇ ಎಂಬುದು ದೇಶದ ನಿಯಮವನ್ನೂ ದರದ ಬಗೆಯನ್ನೂ ಅವಲಂಬಿಸಿದೆ. ಭಾರತದಲ್ಲಿ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಬ್ಯಾಂಕುಗಳು ಇಂಥ ಶುಲ್ಕ ಹಾಕುವುದನ್ನು ರಿಸರ್ವ್ ಬ್ಯಾಂಕು 2012ರಲ್ಲೇ ನಿಲ್ಲಿಸಿತು. ಸ್ಥಿರ ದರದ ಸಾಲಗಳ ಸ್ಥಿತಿ ಬೇರೆ. ಜರ್ಮನಿಯಲ್ಲಿ ಸ್ಥಿರ ದರದ ಗೃಹಸಾಲವನ್ನು ನಡುವೆ ಮುರಿದರೆ ಬ್ಯಾಂಕಿಗೆ ಪರಿಹಾರ ಕೊಡಬೇಕಾಗುತ್ತದೆ. ಪೂರ್ತಿ ಸಾಲ ಕೈಸೇರಿ ಹತ್ತು ವರ್ಷ ಕಳೆದ ಮೇಲೆ ಆರು ತಿಂಗಳ ಮುಂಗಡ ನೋಟಿಸು ಕೊಟ್ಟು ಪರಿಹಾರವಿಲ್ಲದೆ ಹೊರಬರುವ ಹಕ್ಕು ಅಲ್ಲಿನ ನಾಗರಿಕ ಸಂಹಿತೆಯಲ್ಲಿದೆ. ನಿಮ್ಮದು ಫ್ಲೋಟಿಂಗ್ ದರ ಎಂದಿದ್ದೀರಿ. ಆದರೂ ಒಪ್ಪಂದದಲ್ಲಿ ಅವಧಿಪೂರ್ವ ಪಾವತಿಯ ಕಲಮನ್ನು ಓದದೆ ಹೆಜ್ಜೆ ಇಡಬೇಡಿ.

ಇನ್ನೊಂದು ಎಚ್ಚರಿಕೆ. ವರ್ಗಾವಣೆಯ ಜೊತೆಗೆ ಟಾಪ್-ಅಪ್ ಸಾಲ (ಅದೇ ಮನೆಯ ಅಡಮಾನದ ಮೇಲೆ ಹೆಚ್ಚುವರಿ ಸಾಲ) ತೆಗೆದುಕೊಳ್ಳಿ, ಅದರಲ್ಲಿ ಇತರ ಸಣ್ಣ ಸಾಲಗಳನ್ನೆಲ್ಲ ತೀರಿಸಿಬಿಡಿ ಎಂಬ ಸಲಹೆ ಬಂದೇ ಬರುತ್ತದೆ. ಶೇ. 14ರ ಬಡ್ಡಿಯ 2 ಲಕ್ಷದ ವೈಯಕ್ತಿಕ ಸಾಲ ಎರಡು ವರ್ಷದಲ್ಲಿ ತೀರುವುದಾದರೆ ಅದಕ್ಕೆ ಹೋಗುವ ಒಟ್ಟು ಬಡ್ಡಿ ಸುಮಾರು 30,000. ಅದನ್ನೇ ಶೇ. 8.5ರ ಗೃಹಸಾಲಕ್ಕೆ ಸೇರಿಸಿ 20 ವರ್ಷ ಎಳೆದರೆ ಒಟ್ಟು ಬಡ್ಡಿ 2,16,000ಕ್ಕೂ ಮೀರುತ್ತದೆ. ದರ ಕಡಿಮೆ, ಬಡ್ಡಿ ಏಳು ಪಟ್ಟು. ಅದಕ್ಕಿಂತ ಮುಖ್ಯವಾಗಿ, ಅಡಮಾನವಿಲ್ಲದೆ ಪಡೆದಿದ್ದ ಸಾಲಕ್ಕೆ ಈಗ ಮನೆಯೇ ಅಡಮಾನವಾಗುತ್ತದೆ. ತೀರಾ ಅನಿವಾರ್ಯವಾದರೆ ಟಾಪ್-ಅಪ್ ಭಾಗವನ್ನು ಪ್ರತ್ಯೇಕ ಖಾತೆಯಾಗಿ, ನಾಲ್ಕೈದು ವರ್ಷದ ಅಲ್ಪಾವಧಿಗೆ ಮಾತ್ರ ಮಾಡಿಸಿಕೊಳ್ಳಿ.

ನಿಮ್ಮ ಪತ್ನಿಯವರ ರಜೆಯ ವಿಚಾರವನ್ನು ಹೊಸ ಬ್ಯಾಂಕಿಗೆ ಮುಚ್ಚಿಡಬೇಡಿ. ಹೊಸ ಬ್ಯಾಂಕಿಗೆ ಇದು ಹೊಸ ಸಾಲವೇ ಆದ್ದರಿಂದ ಆದಾಯ, ಇತರ ಸಾಲ, ಮನೆಯ ಇಂದಿನ ಮೌಲ್ಯ ಎಲ್ಲವನ್ನೂ ಮತ್ತೆ ಅಳೆಯುತ್ತಾರೆ. ನಿಮ್ಮ ಪತ್ನಿ ಸಹ-ಸಾಲಗಾರರಾಗಿದ್ದು, ಎರಡು ಸಂಬಳ ತೋರಿಸಿ ಅರ್ಜಿ ಹಾಕಿ, ಆಮೇಲೆ ಒಂದೇ ಸಂಬಳ ಎಂದು ಗೊತ್ತಾದರೆ ಮಂಜೂರಾತಿಯೇ ರದ್ದಾಗಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 5,292ರಲ್ಲಿ ನಿಜವಾದ ಉಳಿತಾಯ 1,785 ಮಾತ್ರ ಎಂಬುದನ್ನು ಯಾರೂ ನಮಗೆ ಹೀಗೆ ಬಿಡಿಸಿ ಹೇಳಿರಲಿಲ್ಲ.

ನಿಮ್ಮ ಸಲಹೆಯಂತೆ ಈಗಿನ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟೆವು. 5,000 ಶುಲ್ಕ ಕಟ್ಟಿದರೆ ದರವನ್ನು ಶೇ. 8.75ಕ್ಕೆ ಇಳಿಸುವುದಾಗಿ ಒಪ್ಪಿದ್ದಾರೆ. ಆಗ 15 ವರ್ಷದ ಅವಧಿಗೆ ಕಂತು 29,983 ಆಗುತ್ತದೆಯಂತೆ. ಆದರೆ ಇಳಿಯುವುದು 1,344 ಮಾತ್ರ. ನಮಗೆ ಎರಡು ವರ್ಷದ ಮಟ್ಟಿಗೆ ಬೇಕಾದ ನಾಲ್ಕು ಸಾವಿರ ಇದರಿಂದ ಸಿಗುವುದಿಲ್ಲ. ಅವಧಿ ಎಳೆಯುವುದು ನಷ್ಟ ಎಂದು ಈಗ ಅರ್ಥವಾಗಿದೆ. ಹಾಗೆಂದು ಎಳೆಯದೆ ಈ ಎರಡು ವರ್ಷ ದಾಟುವುದೂ ಕಷ್ಟವಾಗಿದೆ. ಇದಕ್ಕೇನಾದರೂ ಮಧ್ಯದ ದಾರಿ ಇದೆಯೇ?

ಉತ್ತರ 1 ಬರೆದವರಿಂದ

ಇದೆ, ಮತ್ತು ನಿಮ್ಮ ಸಂದರ್ಭಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಅವಧಿ ಎಳೆಯುವುದರಿಂದ ಆಗುವ ನಷ್ಟ, ಆ ಉದ್ದ ಅವಧಿಯನ್ನು ಕೊನೆಯವರೆಗೂ ಬಳಸಿಕೊಂಡರೆ ಮಾತ್ರ ಪೂರ್ತಿಯಾಗಿ ಬೀಳುತ್ತದೆ. ಎರಡು ವರ್ಷ ಕಡಿಮೆ ಕಂತು ಕಟ್ಟಿ, ಆಮೇಲೆ ಕಂತನ್ನು ಏರಿಸಿ, ಮೊದಲಿನ ಗಡುವಿನಲ್ಲೇ ಸಾಲ ಮುಗಿಸಿದರೆ ನಷ್ಟ ಬಹಳ ಚಿಕ್ಕದಾಗುತ್ತದೆ.

ಹೊಸ ಬ್ಯಾಂಕಿನ ಪ್ರಸ್ತಾವವನ್ನೇ ತೆಗೆದುಕೊಳ್ಳೋಣ. ಶೇ. 8.5ರಲ್ಲಿ 20 ವರ್ಷಕ್ಕೆ ಸಾಲ ಪಡೆದು ಮೊದಲ 24 ತಿಂಗಳು 26,035 ಕಟ್ಟಿದರೆ, ಎರಡು ವರ್ಷದ ಕೊನೆಗೆ ಬಾಕಿ ಸುಮಾರು 28,75,300 ಉಳಿಯುತ್ತದೆ. ಅಲ್ಲಿಂದ ಕಂತನ್ನು 30,512ಕ್ಕೆ ಏರಿಸಿದರೆ ಉಳಿದ 13 ವರ್ಷದಲ್ಲಿ ಸಾಲ ತೀರುತ್ತದೆ. ಗಮನಿಸಿ, ಆ ಏರಿದ ಕಂತು ಕೂಡ ಈಗ ನೀವು ಕಟ್ಟುತ್ತಿರುವ 31,327ಕ್ಕಿಂತ ಕಡಿಮೆ. ಒಟ್ಟು ಕಟ್ಟುವ ಹಣ ಸುಮಾರು 53,84,700. ಮೊದಲಿನಿಂದಲೇ 15 ವರ್ಷದ ಕಂತು ಕಟ್ಟಿದ್ದರೆ ಆಗುತ್ತಿದ್ದದ್ದಕ್ಕಿಂತ 67,000 ಹೆಚ್ಚು. ಅದು ಎರಡು ವರ್ಷದ ಬಿಡುವಿಗೆ ನೀವು ಕೊಡುವ ಬೆಲೆ. ಈಗಿನ ಸಾಲದಲ್ಲೇ ಮುಂದುವರಿಯುವುದಕ್ಕೆ ಹೋಲಿಸಿದರೆ ಆಗಲೂ ಎರಡೂವರೆ ಲಕ್ಷ ಕಡಿಮೆ.

ಆದರೆ ಇದಕ್ಕೆ ವರ್ಗಾವಣೆಯೇ ಆಗಬೇಕೆಂದಿಲ್ಲ. ದರ ಇಳಿಸಲು ಒಪ್ಪಿರುವ ಈಗಿನ ಬ್ಯಾಂಕನ್ನೇ ಅವಧಿಯನ್ನೂ 20 ವರ್ಷಕ್ಕೆ ವಿಸ್ತರಿಸಿಕೊಡುವಂತೆ ಕೇಳಿ. ಶೇ. 8.75ರಲ್ಲಿ 20 ವರ್ಷಕ್ಕೆ ಕಂತು 26,511, ಇಳಿಕೆ 4,816. ನಿಮಗೆ ಬೇಕಾದ ನಾಲ್ಕು ಸಾವಿರ ದಾಟಿತು. ಎರಡು ವರ್ಷದ ನಂತರ ಕಂತನ್ನು 30,959ಕ್ಕೆ ಏರಿಸಿದರೆ ಇಲ್ಲೂ ಒಟ್ಟು 15 ವರ್ಷದಲ್ಲೇ ಸಾಲ ತೀರುತ್ತದೆ, ಒಟ್ಟು ಪಾವತಿ ಸುಮಾರು 54,65,900. ಹೊಸ ಬ್ಯಾಂಕಿನ ದಾರಿಗಿಂತ ಇದು 81,000ದಷ್ಟು ದುಬಾರಿ. ಶುಲ್ಕದಲ್ಲಿ ಉಳಿಯುವ 25,000 ಕಳೆದರೆ ನಿಜವಾದ ವ್ಯತ್ಯಾಸ 56,000.

ಈ 56,000 ಹರಡಿಕೊಂಡಿರುವುದು 15 ವರ್ಷಗಳ ಮೇಲೆ. ಶೇ. 0.25ರ ಅಂತರ ಆರಂಭದಲ್ಲಿ ತಿಂಗಳಿಗೆ 625 ಬಡ್ಡಿಯಷ್ಟೇ ಆದ್ದರಿಂದ, ಹೆಚ್ಚುವರಿ ಶುಲ್ಕ ಹುಟ್ಟುವುದಕ್ಕೇ ಸುಮಾರು 40 ತಿಂಗಳು ಬೇಕು. ಅಷ್ಟರೊಳಗೆ ಮನೆ ಮಾರುವ, ದೊಡ್ಡ ಮೊತ್ತ ಕಟ್ಟುವ ಅಥವಾ ಇನ್ನೊಮ್ಮೆ ದರ ಪರಿಷ್ಕರಿಸಿಕೊಳ್ಳುವ ಸಂದರ್ಭ ಬಂದರೆ ಲಾಭವೇ ಇಲ್ಲ. ಜೊತೆಗೆ ಒಂದೇ ಸಂಬಳದ ಮೇಲೆ ಹೊಸ ಬ್ಯಾಂಕು ಪೂರ್ತಿ 30 ಲಕ್ಷ ಮಂಜೂರು ಮಾಡುತ್ತದೆಯೇ ಎಂಬುದೂ ಖಚಿತವಿಲ್ಲ. ನಿಮ್ಮ ಸ್ಥಾನದಲ್ಲಿದ್ದರೆ ನಾನು ಈಗಿನ ಬ್ಯಾಂಕಿನಲ್ಲೇ ದರ ಮತ್ತು ಅವಧಿ ಎರಡನ್ನೂ ಬದಲಿಸಿಕೊಳ್ಳುತ್ತಿದ್ದೆ. ಅವಧಿ ವಿಸ್ತರಿಸಲು ಅವರು ಒಪ್ಪದಿದ್ದರೆ ಮಾತ್ರ ವರ್ಗಾವಣೆ. ಹೊಸ ಬ್ಯಾಂಕಿನ ದರ ಶೇ. 8.25ರ ಆಸುಪಾಸಿಗೆ ಬಂದಿದ್ದರೆ ನನ್ನ ಮಾತು ಬೇರೆಯಾಗಿರುತ್ತಿತ್ತು.

ಈ ಲೆಕ್ಕಗಳೆಲ್ಲ ದರ ಬದಲಾಗದೆ ಉಳಿದರೆ ಎಂಬ ಊಹೆಯ ಮೇಲೆ ನಿಂತಿವೆ. ಫ್ಲೋಟಿಂಗ್ ದರ ಖಂಡಿತ ಬದಲಾಗುತ್ತದೆ. ಆದರೆ ಎರಡೂ ಬ್ಯಾಂಕುಗಳ ಮೂಲ ದರ ಒಂದೇ ಮಾನದಂಡಕ್ಕೆ ಕಟ್ಟಿಕೊಂಡಿದ್ದರೆ ಎರಡೂ ಒಟ್ಟಿಗೆ ಏರಿ ಇಳಿಯುತ್ತವೆ. ಅವುಗಳ ನಡುವಿನ ಅಂತರ ಹೆಚ್ಚೇನೂ ಬದಲಾಗುವುದಿಲ್ಲ.

ಉತ್ತರ 3

ಕಾಗದಪತ್ರದ ಬದಿಯಿಂದ ನಾಲ್ಕು ಮಾತು. ಲೆಕ್ಕ ಸರಿಯಾಗಿದ್ದರೂ ಈ ಹಂತದಲ್ಲಿ ಎಡವುವವರು ಬಹಳ.

ಈಗಿನ ಬ್ಯಾಂಕಿನಲ್ಲೇ ಉಳಿಯುವುದಾದರೆ, ಎರಡು ವರ್ಷದ ನಂತರ ಕಂತು ಏರಿಸಿ ಅವಧಿ ಇಳಿಸುವ ಅವಕಾಶ ಇದೆಯೇ, ಅದಕ್ಕೆ ಮತ್ತೆ ಶುಲ್ಕ ಇದೆಯೇ ಎಂದು ಪತ್ರಮುಖೇನ ಕೇಳಿ, ಉತ್ತರವನ್ನೂ ಪತ್ರದಲ್ಲೇ ಪಡೆಯಿರಿ. ಕಂತು ತಾನಾಗಿಯೇ ಏರುವುದಿಲ್ಲ. ನೀವು ಅರ್ಜಿ ಕೊಡದಿದ್ದರೆ 26,511ರ ಕಂತೇ 20 ವರ್ಷ ನಡೆಯುತ್ತದೆ. ಕಂತನ್ನು ಬದಲಿಸಲು ಬ್ಯಾಂಕು ಒಪ್ಪದಿದ್ದರೂ, ದಂಡಶುಲ್ಕವಿಲ್ಲದೆ ಭಾಗಶಃ ಅವಧಿಪೂರ್ವ ಪಾವತಿಗೆ ಅವಕಾಶವಿದ್ದರೆ ಸಾಕು: ಹೆಚ್ಚುವರಿ 4,448ನ್ನು ಪ್ರತಿ ತಿಂಗಳು ಅಥವಾ ಕೆಲವು ತಿಂಗಳಿಗೊಮ್ಮೆ ಒಟ್ಟುಗೂಡಿಸಿ ಅಸಲಿಗೆ ಕಟ್ಟಬಹುದು. ಹಾಗೆ ಕಟ್ಟುವಾಗ ಅದು ಅಸಲಿಗೆ ಜಮೆಯಾಗಬೇಕು, ಮುಂದಿನ ಕಂತಿನ ಮುಂಗಡವಾಗಿ ಅಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಮುಂಗಡ ಕಂತಾಗಿ ಜಮೆಯಾದ ಹಣದಿಂದ ಬಡ್ಡಿ ಉಳಿಯುವುದಿಲ್ಲ.

ವರ್ಗಾವಣೆಯನ್ನೇ ಆರಿಸಿಕೊಂಡರೆ ಹಳೆಯ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ (ಸಾಲವನ್ನು ಪೂರ್ತಿ ತೀರಿಸಲು ಕಟ್ಟಬೇಕಾದ ಮೊತ್ತ ತಿಳಿಸುವ ಪತ್ರ), ಸಾಲದ ಪೂರ್ತಿ ವಿವರಪಟ್ಟಿ ಮತ್ತು ಅವರ ಬಳಿ ಇರುವ ಮೂಲ ದಾಖಲೆಗಳ ಪಟ್ಟಿ, ಈ ಮೂರನ್ನೂ ಪಡೆಯಿರಿ. ಫೋರ್‌ಕ್ಲೋಷರ್ ಪತ್ರದಲ್ಲಿ ಒಂದು ನಿರ್ದಿಷ್ಟ ದಿನದವರೆಗಿನ ಮೊತ್ತವೂ ಅದರ ನಂತರ ದಿನವೊಂದಕ್ಕೆ ಎಷ್ಟು ಬಡ್ಡಿ ಸೇರುತ್ತದೆ ಎಂಬುದೂ ಇರುತ್ತದೆ. ನಿಮ್ಮ ಸಾಲಕ್ಕೆ ಅದು ದಿನಕ್ಕೆ ಸುಮಾರು 780. ಹೊಸ ಬ್ಯಾಂಕಿನ ಚೆಕ್ಕು ನಾಲ್ಕು ದಿನ ತಡವಾಗಿ ಜಮೆಯಾದರೆ ಮೂರು ಸಾವಿರದಷ್ಟು ಬಾಕಿ ಉಳಿದು, ಸಾಲದ ಖಾತೆ ಮುಚ್ಚದೆಯೇ ನಿಂತುಬಿಡುತ್ತದೆ. ಆ ಚಿಕ್ಕ ಬಾಕಿಯೇ ಮುಂದೆ ಕ್ರೆಡಿಟ್ ವರದಿಯಲ್ಲಿ ತಪ್ಪಿದ ಕಂತಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹಳೆಯ ಖಾತೆ ಮುಚ್ಚಿದೆ ಎಂಬ ಪತ್ರ ಕೈಗೆ ಬರುವವರೆಗೆ ಹಳೆಯ ಕಂತಿನ ಆಟೋ-ಡೆಬಿಟ್ ನಿಲ್ಲಿಸಬೇಡಿ. ಹೆಚ್ಚು ಕಡಿತವಾದದ್ದನ್ನು ಮರಳಿ ಪಡೆಯಬಹುದು, ತಪ್ಪಿದ ಕಂತನ್ನು ವರದಿಯಿಂದ ಅಳಿಸುವುದು ಸುಲಭವಲ್ಲ.

ಮೂಲ ದಾಖಲೆಗಳು ಹಳೆಯ ಬ್ಯಾಂಕಿನಿಂದ ಹೊಸದಕ್ಕೆ ಹೋಗುವ ಮಧ್ಯದ ಕಾಲ ನಿಜಕ್ಕೂ ಸೂಕ್ಷ್ಮವಾದದ್ದು. ಹಣ ಸಂದಾಯವಾಗಿರುತ್ತದೆ, ದಾಖಲೆ ಬಂದಿರುವುದಿಲ್ಲ. ಕೆಲವು ಬ್ಯಾಂಕುಗಳು ಆ ಅವಧಿಗೆ ಹೆಚ್ಚುವರಿ ಬಡ್ಡಿಯನ್ನೂ ವಿಧಿಸುತ್ತವೆ. ಭಾರತದಲ್ಲಿ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಿ ಋಣಭಾರವನ್ನು ತೆಗೆಸಬೇಕು. ಬ್ಯಾಂಕಿನ ಕಡೆಯಿಂದಲೇ ವಿಳಂಬವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ದಾಖಲೆ ಪಡೆಯುವಾಗ ಪಟ್ಟಿಯೊಂದಿಗೆ ಪ್ರತಿಯೊಂದು ಪುಟವನ್ನೂ ತಾಳೆ ನೋಡಿ, ಹಳೆಯ ಅಡಮಾನದ ನಮೂದು ನೋಂದಣಿ ದಾಖಲೆಯಿಂದ ತೆಗೆದುಹಾಕಿದ್ದಾರೆಯೇ ಎಂದು ಹೊಸ ಋಣಭಾರ ಪ್ರಮಾಣಪತ್ರ ತೆಗೆಸಿ ಖಚಿತಪಡಿಸಿಕೊಳ್ಳಿ.

ಹಳೆಯ ಸಾಲದ ಜೊತೆಗೆ ಸಾಲ ರಕ್ಷಣೆಯ ವಿಮೆ ಮಾಡಿಸಿದ್ದರೆ ಅದನ್ನೂ ಮರೆಯಬೇಡಿ. ಸಾಲ ಮುಚ್ಚಿದಾಗ ಆ ವಿಮೆ ಮುಂದುವರಿಯುತ್ತದೆಯೇ, ಉಳಿದ ಅವಧಿಯ ಪ್ರೀಮಿಯಂ ಹಿಂದೆ ಬರುತ್ತದೆಯೇ ಎಂದು ವಿಮಾ ಪತ್ರದಲ್ಲಿ ನೋಡಿ. ಹೊಸ ಬ್ಯಾಂಕು ಮತ್ತೊಂದು ವಿಮೆಯ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿದ್ದರೆ, ಪ್ರತಿನಿಧಿ ಹೇಳಿದ 30,000ದಲ್ಲಿ ಅದು ಸೇರಿರುವುದಿಲ್ಲ. ಒಂದೇ ಸಂಬಳದ ಮೇಲೆ ಮನೆ ನಿಂತಿರುವ ಈ ಎರಡು ವರ್ಷಗಳಲ್ಲಿ, ದುಡಿಯುವವರ ಹೆಸರಿನಲ್ಲಿ ಸಾಲದ ಬಾಕಿಯಷ್ಟಾದರೂ ವಿಮೆ ಇರುವುದು ಅಗತ್ಯ. ಹಳೆಯ ವಿಮೆ ನಿಲ್ಲುವ ದಿನ ಮತ್ತು ಹೊಸದು ಆರಂಭವಾಗುವ ದಿನ ಎರಡನ್ನೂ ಬರೆದುಕೊಂಡು, ನಡುವೆ ಒಂದು ದಿನವೂ ಖಾಲಿ ಬೀಳದಂತೆ ನೋಡಿಕೊಂಡ ಮೇಲೆಯೇ ಹಳೆಯದನ್ನು ಮುಚ್ಚಲು ಸಹಿ ಹಾಕಿ.